ಪರಂಗಿ ಹುಣ್ಣಿನಿಂದ ಸುರಕ್ಷಾ ಕ್ಲಿನಿಕ್‌ವರೆಗೆ: ಕುಡಚಿ ಸೀಮೆಯಲ್ಲಿ ಗುಪ್ತರೋಗಗಳ ಇತಿಹಾಸ

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳಿಗೆ ಕೃಷ್ಣಾ ತೀರದ ಊರುಗಳಲ್ಲಿ ಇವತ್ತಿಗೂ ಗುಪ್ತರೋಗ ಎಂದೇ ಹೆಸರು. ಸಿಫಿಲಿಸ್ ಎಂದರೆ ಗರ್ಮಿ ಅಥವಾ ಪರಂಗಿ ಹುಣ್ಣು. ಗೊನೊರಿಯಾ ಎಂದರೆ ಮೇಹ. ಕುಡಚಿ, ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಸೇರಿದ ಬೆಳಗಾವಿ ಜಿಲ್ಲೆಯ ಉತ್ತರದ ಅಂಚು ಕಬ್ಬು, ತಂಬಾಕು, ಸಕ್ಕರೆ ಕಾರ್ಖಾನೆಗಳಿಗೆ ಹೆಸರಾದದ್ದು. ಇದೇ ಸೀಮೆಯತ್ತ 21ನೇ ಶತಮಾನದ ಮೊದಲ ವರ್ಷಗಳಲ್ಲಿ ಎಚ್‌ಐವಿ ಸೋಂಕಿನ ಕಾರಣಕ್ಕೆ ದೇಶದ ಆರೋಗ್ಯ ಇಲಾಖೆಗಳ ಕಣ್ಣು ಬಿತ್ತು. ಆ ಸ್ಥಿತಿ ಒಮ್ಮೆಲೇ ಬಂದದ್ದಲ್ಲ. ಗೋವಾದ ನೆರೆ, ಬೆಳಗಾವಿಯ ದಂಡು, ಮಿರಜ ಮಾರ್ಗದ ರೈಲು, ಪುಣೆ–ಬೆಂಗಳೂರು ಹೆದ್ದಾರಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವ ಪದ್ಧತಿ ಎಲ್ಲ ಸೇರಿ ಸುಮಾರು ಐನೂರು ವರ್ಷಗಳಲ್ಲಿ ಅದು ರೂಪುಗೊಂಡಿತು. ಈ ಉದ್ದಕ್ಕೂ ಬದಲಾಗದೆ ಉಳಿದದ್ದು ಒಂದು ಸಂಗತಿ. ಈ ಸೋಂಕುಗಳ ಲಕ್ಷಣ ಎಷ್ಟೋ ಸಲ ತಾನಾಗಿಯೇ ಮರೆಯಾಗುತ್ತದೆ, ಸೋಂಕು ಮಾತ್ರ ಮೈಯೊಳಗೆ ಉಳಿಯುತ್ತದೆ. ಆಯಾ ಕಾಲದ ಜನ, ವೈದ್ಯರು, ಕೊನೆಗೆ ಸರಕಾರಗಳೂ ಮರೆಯಾದದ್ದನ್ನೇ ಗುಣವಾದದ್ದೆಂದು ನಂಬಿ ಮೋಸಹೋಗಿವೆ.

ಇಂಥ ಸೋಂಕು ತರುವ 30ಕ್ಕೂ ಹೆಚ್ಚು ಬಗೆಯ ಸೂಕ್ಷ್ಮಜೀವಿಗಳನ್ನು ವೈದ್ಯಶಾಸ್ತ್ರ ಗುರುತಿಸಿದೆ. ಅವುಗಳಲ್ಲಿ ಎಂಟು ಮುಖ್ಯ. ಸಿಫಿಲಿಸ್, ಗೊನೊರಿಯಾ, ಕ್ಲಮಿಡಿಯ, ಟ್ರೈಕೊಮೊನಾಸ್ ಎಂಬ ನಾಲ್ಕು ಔಷಧಕ್ಕೆ ಪೂರ್ತಿ ಬಗ್ಗುತ್ತವೆ. ಎಚ್‌ಐವಿ, ಹೆಪಟೈಟಿಸ್ ಬಿ, ಹರ್ಪಿಸ್, ಎಚ್‌ಪಿವಿ ಎಂಬ ನಾಲ್ಕು ವೈರಸ್‌ಗಳನ್ನು ಹತೋಟಿಯಲ್ಲಿಡಬಹುದು, ಇಲ್ಲವೆ ಕೆಲವನ್ನು ಲಸಿಕೆಯಿಂದ ತಡೆಯಬಹುದು. ಬಹುತೇಕ ಎಲ್ಲವೂ ಹರಡುವುದು ರಕ್ಷಣೆಯಿಲ್ಲದ ಸಂಭೋಗದಿಂದ. ಕೆಲವು ಸೋಂಕಿತ ರಕ್ತ ಮತ್ತು ಸೂಜಿಯಿಂದಲೂ, ಗರ್ಭದಲ್ಲಿ ಅಥವಾ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ದಾಟುತ್ತವೆ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಹೊಳೆಯಲ್ಲಿ ಮೀಯುವುದರಿಂದಾಗಲಿ, ಸೊಳ್ಳೆಯಿಂದಾಗಲಿ ಎಚ್‌ಐವಿಯಾಗಲಿ ಗರ್ಮಿಯಾಗಲಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ, ಗುಣವಾಗುವ ನಾಲ್ಕು ಸೋಂಕುಗಳೇ ಜಗತ್ತಿನಲ್ಲಿ 15ರಿಂದ 49 ವಯಸ್ಸಿನವರಿಗೆ ವರ್ಷಕ್ಕೆ 37 ಕೋಟಿಗೂ ಹೆಚ್ಚು ಸಲ ತಗಲುತ್ತವೆ, ದಿನಕ್ಕೆ ಹತ್ತು ಲಕ್ಷಕ್ಕೂ ಮಿಗಿಲು.

ಭಾರತದ ಹಳೆಯ ವೈದ್ಯಗ್ರಂಥಗಳಿಗೆ ಜನನಾಂಗದ ಹುಣ್ಣು ಹೊಸದಲ್ಲ. ಸುಶ್ರುತ ಸಂಹಿತೆ ಅದನ್ನು ಉಪದಂಶ ಎಂದು ಕರೆದು ಬಗೆಗಳನ್ನು ಹೇಳುತ್ತದೆ. ಆದರೆ 16ನೇ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಹಿಂದಿನ ಯಾವ ಗ್ರಂಥದಲ್ಲೂ ಇಲ್ಲದ ಒಂದು ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅದರ ಹೆಸರು ಫಿರಂಗರೋಗ, ಅಂದರೆ ಸಿಫಿಲಿಸ್. ಯುರೋಪಿನಲ್ಲಿ ಸಿಫಿಲಿಸ್ ಮೊದಲ ಬಾರಿ ದೊಡ್ಡದಾಗಿ ಸಿಡಿದದ್ದು 1495ರ ಹೊತ್ತಿಗೆ, ನೇಪಲ್ಸ್ ನಗರಕ್ಕೆ ಮುತ್ತಿಗೆ ಹಾಕಿದ್ದ ಫ್ರೆಂಚ್ ಸೈನ್ಯದ ನಡುವೆ. ಕೊಲಂಬಸನ ನಾವಿಕರು ಅದನ್ನು ಅಮೆರಿಕದಿಂದ ತಂದರೆಂಬುದು ಒಂದು ವಾದ, ಹಳೆಯ ಜಗತ್ತಿನಲ್ಲೇ ಇತ್ತೆಂಬುದು ಇನ್ನೊಂದು. ಚರ್ಚೆ ಇನ್ನೂ ಮುಗಿದಿಲ್ಲ. ಭಾರತದ ಮಟ್ಟಿಗೆ ಕಾಲಕ್ರಮ ಸ್ಪಷ್ಟವಾಗಿದೆ. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಗೋವಾ ಪೋರ್ಚುಗೀಸರ ವಶವಾಯಿತು, ಅದೇ ಶತಮಾನದಲ್ಲಿ ಫಿರಂಗಿಗಳ, ಅಂದರೆ ಯುರೋಪಿನವರ, ಹೆಸರು ಹೊತ್ತ ಕಾಯಿಲೆ ಸಂಸ್ಕೃತ ವೈದ್ಯಗ್ರಂಥವನ್ನು ಸೇರಿತು.

ಗೋವಾ ಬಂದರಿನಿಂದ ಘಟ್ಟ ಹತ್ತಿದ ಸರಕು ಬೆಳಗಾವಿ ಸೀಮೆಯನ್ನು ಹಾದೇ ಬಿಜಾಪುರದ ಕಡೆ ಹೋಗಬೇಕಿತ್ತು. ಆದಿಲಶಾಹಿ ಕಾಲದಲ್ಲಿ ರಾಯಬಾಗ ಈ ಭಾಗದ ದೊಡ್ಡ ಪೇಟೆ. 17ನೇ ಶತಮಾನದಲ್ಲಿ ಕೊಂಕಣದ ರಾಜಾಪುರದಲ್ಲಿ ಕೋಠಿ ಹಾಕಿದ್ದ ಇಂಗ್ಲಿಷ್ ವರ್ತಕರೂ ಮೆಣಸಿನ ವ್ಯಾಪಾರಕ್ಕೆ ಇಲ್ಲಿನ ಪೇಟೆಯನ್ನು ನೆಚ್ಚಿಕೊಂಡಿದ್ದರು. ಎತ್ತಿನ ಹೇರು, ಸಿಪಾಯಿ, ದಲ್ಲಾಳಿ, ಕುದುರೆ ವ್ಯಾಪಾರಿ ಓಡಾಡಿದ ದಾರಿಯಲ್ಲಿ ಕಾಯಿಲೆಯೂ ಓಡಾಡಿತು. ಔಷಧವೂ ಅದೇ ದಾರಿ ಹಿಡಿಯಿತು. ಗೋವಾದಲ್ಲಿ ವೈದ್ಯನಾಗಿದ್ದ ಗಾರ್ಸಿಯ ಡ ಓರ್ತ 1563ರಲ್ಲಿ ಅಲ್ಲಿಯೇ ಅಚ್ಚಾದ ತನ್ನ ಪುಸ್ತಕದಲ್ಲಿ ಚೀನಾ ಬೇರಿನ ವಿಚಾರ ಬರೆದಿದ್ದಾನೆ. ಅವನ ಪ್ರಕಾರ ಈ ಕಾಯಿಲೆಗೆ ಮದ್ದೆಂದು ಅದು ಗೋವಾಕ್ಕೆ ಬಂದದ್ದು 1535ರ ಸುಮಾರಿಗೆ. ಭಾವಪ್ರಕಾಶದಲ್ಲಿ ಅದು ಚೋಪಚೀನಿ. ಕನ್ನಡದ ಗಂಧಿಗೆ ಅಂಗಡಿಗಳಲ್ಲಿ ಪರಂಗಿ ಚೆಕ್ಕೆ ಎಂಬ ಹೆಸರಿನಲ್ಲಿ ಅದು ಇಂದಿಗೂ ಸಿಗುತ್ತದೆ.

ಭಾವಮಿಶ್ರನ ವಿವರಣೆಯಲ್ಲಿ ಮೆಚ್ಚಬೇಕಾದದ್ದು ಬಹಳವಿದೆ. ಕಾಯಿಲೆ ಸೋಂಕಿತರ ದೇಹಸಂಪರ್ಕದಿಂದ ಬರುತ್ತದೆ, ಹೊರಗಿನಿಂದ ಬಂದು ಸೇರುವ ಈ ರೋಗದಲ್ಲಿ ದೋಷಗಳು ಆಮೇಲೆ ಕೆಡುತ್ತವೆ ಎಂದು ಅವನು ಹೇಳುತ್ತಾನೆ. ವಾತ, ಪಿತ್ತ, ಕಫದಲ್ಲೇ ಎಲ್ಲ ಕಾರಣವನ್ನೂ ಹುಡುಕುತ್ತಿದ್ದ ಪರಂಪರೆಯಲ್ಲಿ ಇದು ಸಣ್ಣ ಮಾತಲ್ಲ. ಮೈಮೇಲೆ ಹೊಮ್ಮುವುದು, ಸಂಧಿಗಳಿಗೆ ಇಳಿದು ನೋವು ಬಾವು ತರುವುದು, ಎರಡೂ ಕೂಡಿದ್ದು ಎಂದು ಮೂರು ಬಗೆ ಮಾಡುತ್ತಾನೆ. ಮೊದಲನೆಯದು ಸುಲಭಸಾಧ್ಯ, ಎರಡನೆಯದು ಕಷ್ಟ. ಬಲಗುಂದುವುದು, ಮೈ ಬಡವಾಗುವುದು, ಮೂಗು ಕುಸಿಯುವುದು, ಮೂಳೆ ಒಣಗಿ ಸೊಟ್ಟಗಾಗುವುದು ಅದರ ಉಪದ್ರವಗಳು. ಇಂದಿನ ವೈದ್ಯರು ಸಿಫಿಲಿಸ್‌ನ ಎರಡನೆಯ ಮತ್ತು ಮೂರನೆಯ ಹಂತಕ್ಕೆ ಕೊಡುವ ಚಿತ್ರಕ್ಕೆ ಇದು ಬಹಳ ಹತ್ತಿರ.

ಮದ್ದು ಪಾದರಸದ್ದು. ರಸಕರ್ಪೂರವನ್ನು ಅಳೆದು, ಗೋಧಿ ಹಿಟ್ಟಿನ ಕಣಕದ ನಡುವೆ ಇಟ್ಟು, ಒಂದಿಷ್ಟೂ ಹೊರಗೆ ಕಾಣದಂತೆ ಗುಳಿಗೆ ಕಟ್ಟಬೇಕು. ಗುಳಿಗೆಯನ್ನು ಲವಂಗದ ಪುಡಿಯಲ್ಲಿ ಹೊರಳಿಸಬೇಕು. ಹಲ್ಲಿಗೆ ತಾಗದಂತೆ ನೀರಿನ ಜತೆ ನುಂಗಿ ವೀಳ್ಯ ಹಾಕಿಕೊಳ್ಳಬೇಕು. ಉಪ್ಪು, ಹುಳಿ, ಬಿಸಿಲು, ದಣಿವು, ಸ್ತ್ರೀಸಂಗ ವರ್ಜ್ಯ. ಹಲ್ಲಿಗೆ ತಾಗಬಾರದೆಂಬ ಎಚ್ಚರಿಕೆಯ ಹಿಂದೆ ಕಣ್ಣಾರೆ ಕಂಡ ಅನುಭವವಿದೆ. ಪಾದರಸ ಒಸಡನ್ನು ಕೊಳೆಸುತ್ತದೆ, ಜೊಲ್ಲು ನಿಲ್ಲದೆ ಸುರಿಯುತ್ತದೆ, ಹಲ್ಲು ಅಲುಗುತ್ತವೆ. ಹೆಚ್ಚಾದರೆ ಮೂತ್ರಪಿಂಡ ಹಾಳಾಗುತ್ತದೆ. ಯುರೋಪಿನ ವೈದ್ಯರೂ ಇದೇ ಪಾದರಸವನ್ನು ಮುಲಾಮಾಗಿ, ಹೊಗೆಯಾಗಿ ಕೊಡುತ್ತಿದ್ದರು. ನಾಲ್ಕು ನೂರು ವರ್ಷ ಎರಡೂ ಖಂಡಗಳಲ್ಲಿ ಈ ವಿಷವೇ ಮುಖ್ಯ ಔಷಧವಾಗಿ ಉಳಿಯಿತು.

ಅಷ್ಟು ಕಾಲ ಪಾದರಸಕ್ಕೆ ಹೆಸರು ಉಳಿದದ್ದರ ಗುಟ್ಟು ಸಿಫಿಲಿಸ್‌ನ ನಡೆಯಲ್ಲಿದೆ. ಸೋಂಕು ತಗಲಿದ 10ರಿಂದ 90 ದಿನದೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ಅದು ಹೊಕ್ಕ ಜಾಗದಲ್ಲಿ ಗಟ್ಟಿ ಅಂಚಿನ ಒಂದು ಹುಣ್ಣು ಏಳುತ್ತದೆ. ಅದು ನೋಯುವುದಿಲ್ಲ. ಹೆಂಗಸರಲ್ಲಿ ಗರ್ಭಕೊರಳಿನ ಹತ್ತಿರ ಎದ್ದರೆ ಕಣ್ಣಿಗೂ ಬೀಳುವುದಿಲ್ಲ. ಮೂರರಿಂದ ಆರು ವಾರದಲ್ಲಿ, ಏನೂ ಮಾಡದಿದ್ದರೂ, ಮಾಯುತ್ತದೆ. ಕೆಲವು ವಾರಗಳ ಬಳಿಕ ಮೈತುಂಬ ತುರಿಕೆಯಿಲ್ಲದ ಕೆಂಪು ದದ್ದು, ವಿಶೇಷವಾಗಿ ಅಂಗೈ ಅಂಗಾಲಿನಲ್ಲಿ. ಜ್ವರ, ಗಂಟಲುನೋವು, ಕೂದಲು ಅಲ್ಲಲ್ಲಿ ಉದುರುವುದು, ಬಾಯಿ ಮತ್ತು ಗುಪ್ತಾಂಗದಲ್ಲಿ ಒದ್ದೆ ಗಂಟುಗಳು. ಇವೂ ತಾವಾಗಿಯೇ ಹೋಗುತ್ತವೆ. ಆಮೇಲೆ ವರ್ಷಗಟ್ಟಲೆ ಮೌನ. ಚಿಕಿತ್ಸೆ ಇಲ್ಲದವರಲ್ಲಿ ಒಂದು ಪಾಲು ಜನಕ್ಕೆ ಹತ್ತು, ಇಪ್ಪತ್ತು, ಮೂವತ್ತು ವರ್ಷದ ನಂತರ ಹೃದಯದ ಮಹಾಧಮನಿ ಉಬ್ಬುವುದು, ಬುದ್ಧಿಭ್ರಮೆ, ಲಕ್ವ, ಕುರುಡು, ಮೂಳೆಯ ಕೊಳೆತ. ಸೋಂಕಿರುವ ಗರ್ಭಿಣಿಯಲ್ಲಿ ಗರ್ಭ ಇಳಿಯಬಹುದು, ಸತ್ತ ಮಗು ಹುಟ್ಟಬಹುದು, ಹುಟ್ಟಿದ ಮಗುವಿಗೆ ಕಿವಿ, ಕಣ್ಣು, ಮೂಳೆಯ ಊನವಾಗಬಹುದು. ಹುಣ್ಣು ತಾನಾಗಿ ಮಾಯುವ ಹೊತ್ತಿಗೆ ಕೈಯಲ್ಲಿದ್ದ ಯಾವ ಮದ್ದಿಗಾದರೂ ಯಶಸ್ಸು ಸಲ್ಲುತ್ತಿತ್ತು. ಪಾದರಸಕ್ಕೆ ಸಿಕ್ಕ ಹೊಗಳಿಕೆಯಲ್ಲಿ ದೊಡ್ಡ ಭಾಗ ಹೀಗೆ ಬಂದದ್ದೇ. ಮಂತ್ರಿಸಿದ ಬೂದಿಗೂ ಅದೇ ಹೊಗಳಿಕೆ ಸಂದಿದ್ದರೆ ಆಶ್ಚರ್ಯವಿಲ್ಲ.

ಉಳಿದ ಸೋಂಕುಗಳನ್ನು ಊರ ಜನ ಮೈಯ ಉಷ್ಣದ ಲೆಕ್ಕಕ್ಕೆ ಸೇರಿಸಿದರು. ಉರಿಮೂತ್ರ, ಕೀವು, ಬಿಳಿ ಹೋಗುವುದು ಎಂದರೆ ಕಾವು ಹೆಚ್ಚಾಗಿದೆ ಎಂದರ್ಥ. ಮಜ್ಜಿಗೆ, ಜೀರಿಗೆ ನೀರು, ಸಬ್ಜಾ ಬೀಜ ಮದ್ದು. ಗೊನೊರಿಯಾ ಗಂಡಸರಲ್ಲಿ ಎರಡರಿಂದ ಏಳು ದಿನದಲ್ಲಿ ಹಳದಿ ಕೀವು ಮತ್ತು ಉರಿಯಾಗಿ ಹೊರಬೀಳುತ್ತದೆ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಲಕ್ಷಣವೇ ಇರುವುದಿಲ್ಲ. ಕ್ಲಮಿಡಿಯದಲ್ಲಿ ಲಕ್ಷಣವಿಲ್ಲದ ಹೆಂಗಸರ ಪಾಲು ಇನ್ನೂ ಹೆಚ್ಚು. ಒಳಗೊಳಗೇ ಈ ಸೋಂಕುಗಳು ಗರ್ಭಕೋಶ ದಾಟಿ ಗರ್ಭನಾಳಕ್ಕೆ ಏರಿದರೆ ಕಿಬ್ಬೊಟ್ಟೆ ನೋವು, ನಾಳ ಮುಚ್ಚಿ ಬಂಜೆತನ, ಇಲ್ಲವೆ ನಾಳದಲ್ಲೇ ಗರ್ಭ ನಿಂತು ಪ್ರಾಣಾಪಾಯ. ಗಂಡನಿಂದ ಬಂದ ಸೋಂಕಿಗೆ ಬಂಜೆ ಎಂಬ ಬೈಗುಳ ಹೊತ್ತು, ಎರಡನೆಯ ಹೆಂಡತಿಗೆ ಜಾಗ ಬಿಟ್ಟುಕೊಟ್ಟ ಹೆಂಗಸರ ಲೆಕ್ಕ ಯಾವ ದಫ್ತರದಲ್ಲೂ ಇಲ್ಲ. ಈ ಇತಿಹಾಸದ ಅತಿ ದೊಡ್ಡ ಅನ್ಯಾಯ ಇದೇ.

1818ರಲ್ಲಿ ಬೆಳಗಾವಿ ಕೋಟೆ ಇಂಗ್ಲಿಷರ ಕೈಸೇರಿ, ಅಲ್ಲಿ ದಂಡುಪ್ರದೇಶ ಬೆಳೆಯಿತು. ಸೈನಿಕರಲ್ಲಿ ಈ ಕಾಯಿಲೆಗಳು ಎಷ್ಟು ಹಬ್ಬಿದವೆಂದರೆ, ಸರಕಾರ 1864ರ ದಂಡುಪ್ರದೇಶ ಕಾಯಿದೆ ಮತ್ತು 1868ರ ಸಾಂಕ್ರಾಮಿಕ ರೋಗ ಕಾಯಿದೆಗಳ ಮೂಲಕ ಹೆಂಗಸರನ್ನು ಹೆಸರು ನೋಂದಾಯಿಸಿ ತಪಾಸಣೆಗೆ ಒಳಪಡಿಸಿತು. ಕಾಯಿಲೆ ಕಂಡರೆ ಲಾಕ್ ಹಾಸ್ಪಿಟಲ್ ಎಂಬ ಬಂದೀಖಾನೆಯಂಥ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಇಂಥ ಆಸ್ಪತ್ರೆ ಇದ್ದ ಠಾಣ್ಯಗಳಲ್ಲಿ ಬೆಳಗಾವಿಯೂ ಒಂದು. ಸೈನಿಕರಿಗೆ ಮಾತ್ರ ಇಂಥ ನೋಂದಣಿಯೂ ಇಲ್ಲ, ಸೆರೆಯೂ ಇಲ್ಲ. ಬರಿಗಣ್ಣಿನ ತಪಾಸಣೆಗೆ ಒಳಗಿನ ಸೋಂಕು ಸಿಗುವುದಿಲ್ಲವೆಂಬುದು ಆಗಿನ ವೈದ್ಯರಲ್ಲೇ ಕೆಲವರಿಗೆ ಗೊತ್ತಿತ್ತು. ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ಮತ್ತು ಸಂಗಡಿಗರ ಹೋರಾಟದ ಒತ್ತಡಕ್ಕೆ 1888ರಲ್ಲಿ ಭಾರತದ ಕಾಯಿದೆಯೂ ರದ್ದಾಯಿತು. 1895ರ ಹೊತ್ತಿಗೆ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ಈ ಕಾಯಿಲೆಗಳಿಗಾಗಿ ಆಸ್ಪತ್ರೆ ಸೇರಿದ ಪ್ರಕರಣಗಳು ವರ್ಷಕ್ಕೆ ಸಾವಿರ ಜನಕ್ಕೆ ಐನೂರನ್ನು ಮೀರಿದ್ದವು. ಒಂದೇ ಕಡೆಯವರನ್ನು ಹಿಡಿದು ಪರೀಕ್ಷಿಸಿದರೆ ಕಾಯಿಲೆ ನಿಲ್ಲುತ್ತದೆಂಬ ನಂಬಿಕೆ ಕಾಯಿದೆ ಹೋದ ಮೇಲೂ ಹೋಗಲಿಲ್ಲ. ನೂರು ವರ್ಷದ ಬಳಿಕ ಎಚ್‌ಐವಿ ಬಂದಾಗ ಅದೇ ಮಾತು ಮತ್ತೆ ಕೇಳಿಬಂತು.

ಅದೇ ದಶಕಗಳಲ್ಲಿ ಪ್ರಯೋಗಾಲಯಗಳು ನಿಜವಾದ ಕಾರಣಗಳನ್ನು ಹೊರಗೆಳೆದವು. 1879ರಲ್ಲಿ ಆಲ್ಬರ್ಟ್ ನೈಸರ್ ಗೊನೊರಿಯಾದ ಬ್ಯಾಕ್ಟೀರಿಯವನ್ನು ಕಂಡ. 1889ರಲ್ಲಿ ಡುಕ್ರೆ, ನೋಯುವ ಮೆತ್ತನೆ ಹುಣ್ಣಾದ ಶಾಂಕ್ರಾಯ್ಡ್‌ನ ಕಾರಣ ಗುರುತಿಸಿದ. 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಸಿಫಿಲಿಸ್‌ನ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಅದೇ 1905ರಲ್ಲಿ ಮದರಾಸಿನಲ್ಲಿ ಚಾರ್ಲ್ಸ್ ಡೊನೊವನ್, ಮಾಂಸಖಂಡದಂತೆ ಕೆಂಪಗೆ ಹಬ್ಬುವ, ನೋಯದೆ ರಕ್ತ ಸೋರುವ ಹುಣ್ಣಿನಲ್ಲಿ ವಿಶಿಷ್ಟ ಕಣಗಳನ್ನು ಕಂಡ. ಆ ಕಾಯಿಲೆಗೆ ಡೊನೊವನೋಸಿಸ್ ಎಂದೇ ಹೆಸರಾಯಿತು. 1906ರ ವಾಸರ್‌ಮನ್ ಪರೀಕ್ಷೆಯಿಂದ ಮೊತ್ತಮೊದಲಿಗೆ, ಮೈಮೇಲೆ ಏನೂ ಇಲ್ಲದಾಗಲೂ ರಕ್ತದಲ್ಲಿ ಸಿಫಿಲಿಸ್ ಹಿಡಿಯುವುದು ಸಾಧ್ಯವಾಯಿತು. ಲಕ್ಷಣ ಮತ್ತು ಸೋಂಕು ಬೇರೆ ಬೇರೆ ಎಂಬುದು ಶಾಸ್ತ್ರಕ್ಕೆ ಖಚಿತವಾದದ್ದು ಆಗಲೇ. 1910ರಲ್ಲಿ ಎರ್ಲಿಕ್ ಮತ್ತು ಹಾತಾ ಅವರ ಸಾಲ್ವರ್ಸಾನ್ ಎಂಬ ಆರ್ಸೆನಿಕ್ ಔಷಧ ಪೇಟೆಗೆ ಬಂತು. 1943ರಲ್ಲಿ ಪೆನಿಸಿಲಿನ್ ಸಿಫಿಲಿಸ್ ಗುಣಪಡಿಸುತ್ತದೆಂದು ಅಮೆರಿಕದ ಜಾನ್ ಮಹೊನಿ ತೋರಿಸಿದ ಮೇಲೆ ಪಾದರಸದ ಕಾಲ ಮುಗಿಯಿತು.

ಕೃಷ್ಣಾ ತೀರಕ್ಕೆ ಹೊಸ ವೈದ್ಯ ಬಂದದ್ದು ಮಿರಜ ಮಾರ್ಗವಾಗಿ. ದಕ್ಷಿಣ ಮರಾಠಾ ರೈಲ್ವೆ 1890ರ ಹೊತ್ತಿಗೆ ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾಗಳನ್ನು ಜೋಡಿಸಿತು. ಶೇಡಬಾಳ, ಉಗಾರ ಖುರ್ದ ದಾಟಿ ಕೃಷ್ಣಾ ಸೇತುವೆಯ ಮೇಲೆ ಹೊಳೆ ದಾಟಿದರೆ ಸಿಗುವುದೇ ಕುಡಚಿ ನಿಲ್ದಾಣ. ಮುಂದೆ ಚಿಂಚಲಿ, ರಾಯಬಾಗ. ಮಿರಜದಲ್ಲಿ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಕಟ್ಟಿದ ಆಸ್ಪತ್ರೆ ಈ ಭಾಗದ ಕನ್ನಡಿಗರಿಗೂ ದೊಡ್ಡ ಆಸರೆಯಾಯಿತು. ದೊಡ್ಡ ಕಾಯಿಲೆ ಎಂದರೆ ಮಿರಜ ಎಂಬ ರೂಢಿ ಕುಡಚಿ, ಅಥಣಿಗಳಲ್ಲಿ ಇನ್ನೂ ಇದೆ. ಗುಪ್ತರೋಗದವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿತ್ತು. ಊರ ದವಾಖಾನೆಯಲ್ಲಿ ಸರದಿ ನಿಂತರೆ ಸಂಜೆಯೊಳಗೆ ಓಣಿಗೆಲ್ಲ ಸುದ್ದಿ. ಮಿರಜದಲ್ಲಿ ಗುರುತಿನವರ ಕಾಟವಿಲ್ಲ.

ರೈಲು ರೋಗಿಗಳನ್ನಷ್ಟೇ ಒಯ್ಯಲಿಲ್ಲ. ಕುಡಚಿಯಿಂದ ಗಾಡಿ ಹತ್ತಿದ ಕೂಲಿಕಾರರು ಪುಣೆ, ಮುಂಬಯಿ ಸೇರಿದರು. ನಿಪ್ಪಾಣಿ ತಂಬಾಕಿನ ಪೇಟೆಯಾಗಿ, ಪುಣೆ–ಬೆಂಗಳೂರು ಹೆದ್ದಾರಿಯ ಲಾರಿಗಳ ತಂಗುದಾಣವಾಗಿ ಬೆಳೆಯಿತು. ಉಗಾರದಲ್ಲಿ 1939ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ನೀರಾವರಿ ಹೆಚ್ಚಿದಂತೆ ಇನ್ನಷ್ಟು ಕಾರ್ಖಾನೆ ಬಂದವು. ಹಂಗಾಮಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳು ಜಿಲ್ಲೆಯಿಂದ ಜಿಲ್ಲೆಗೆ ಅಲೆದವು. ಮನೆ ಬಿಟ್ಟು ತಿಂಗಳುಗಟ್ಟಲೆ ದುಡಿಯುವ ಗಂಡಸರು, ಕೈಯಲ್ಲಿ ಒಂದಿಷ್ಟು ರೊಕ್ಕ, ಗಡಿಯ ಎರಡೂ ಕಡೆ ಎರಡು ರಾಜ್ಯಗಳ ಬೇರೆ ಬೇರೆ ಆಡಳಿತ: ಸೋಂಕು ಓಡಾಡಲು ಇದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಇದರ ಜತೆ ಮುತ್ತು ಕಟ್ಟುವ ಪದ್ಧತಿ ಸೇರಿಕೊಂಡಿತು. ಸವದತ್ತಿ ಎಲ್ಲಮ್ಮನಿಗೆ, ಅಥಣಿ ತಾಲೂಕಿನ ಕೋಕಟನೂರ ಎಲ್ಲಮ್ಮನಿಗೆ ನಡೆದುಕೊಳ್ಳುವ ಬಡ ಮನೆತನಗಳು, ಬಹುಪಾಲು ಭೂಮಿಯಿಲ್ಲದ ದಲಿತ ಮನೆಗಳು, ಗಂಡುಮಗ ಇಲ್ಲವೆಂದೋ ಮೈಮೇಲೆ ಬೇನೆ ಬಂತೆಂದೋ ಎಳೆಯ ಹೆಣ್ಣುಮಗುವಿಗೆ ಕೆಂಪು ಬಿಳಿ ಮಣಿಯ ಸರ ಕಟ್ಟಿ ದೇವಿಗೆ ದೇವದಾಸಿಯಾಗಿ ಬಿಟ್ಟವು. ಮದುವೆಯ ಹಕ್ಕಿಲ್ಲದ ಆಕೆ ದುಡಿದು ತವರನ್ನು ಸಾಕಬೇಕು. ದೊಡ್ಡವಳಾದ ಕೂಡಲೇ ಊರ ಉಳ್ಳವನೊಬ್ಬನಿಗೆ, ಮುಂದೆ ಮುಂಬಯಿ, ಸಾಂಗಲಿ, ಮಿರಜದ ವೇಶ್ಯಾ ದಂಧೆಯ ಓಣಿಗಳಿಗೆ. ಹದಿಹರೆಯದ ಹೆಣ್ಣಿನ ಗರ್ಭಕೊರಳಿನ ಪೊರೆ ಎಳೆಯದು, ಸೋಂಕು ಬೇಗ ಹಿಡಿಯುತ್ತದೆ ಎಂಬುದು ವೈದ್ಯಶಾಸ್ತ್ರದ ಮಾತು. ಹೀಗೆ ಈ ಪದ್ಧತಿ ತೀರ ಅಪಾಯದ ವಯಸ್ಸಿನಲ್ಲೇ, ಬೇಡ ಎನ್ನುವ ಹಕ್ಕೂ ಇಲ್ಲದ ಮಗುವನ್ನು ಸೋಂಕಿನ ಎದುರು ನಿಲ್ಲಿಸಿತು.

ಕಾಯಿದೆಗಳು ಬೇಗನೇ ಬಂದವು, ಬದಲಾವಣೆ ಬರಲಿಲ್ಲ. ರಾಯಬಾಗ ಆಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಶಾಹೂ ಮಹಾರಾಜರು 1920ರಲ್ಲೇ ಹೆಣ್ಣುಮಕ್ಕಳನ್ನು ಜೋಗತಿ, ಮುರಳಿ ಎಂದು ದೇವರಿಗೆ ಬಿಡುವ ಪದ್ಧತಿಯನ್ನು ನಿಷೇಧಿಸಿದರು. ಅಥಣಿ, ಚಿಕ್ಕೋಡಿಗಳಿದ್ದ ಮುಂಬಯಿ ಪ್ರಾಂತದಲ್ಲಿ 1934ರ ದೇವದಾಸಿ ಸಂರಕ್ಷಣಾ ಕಾಯಿದೆ ಬಂತು. ಎಲ್ಲ ಸೇರಿ ಮೈಸೂರು ರಾಜ್ಯವಾದ ಮೇಲೆ, ಕರ್ನಾಟಕ 1982ರಲ್ಲಿ ತನ್ನದೇ ಕಾಯಿದೆ ಮಾಡಿತು. ಎಸ್. ಡಿ. ಪುಣೇಕರ್ ಮತ್ತು ಕಮಲಾ ರಾವ್ 1962ರಲ್ಲಿ ಪ್ರಕಟಿಸಿದ ಮುಂಬಯಿಯ ಅಧ್ಯಯನದಲ್ಲಿ ದಂಧೆಯ ಹೆಂಗಸರ ಗಣನೀಯ ಪಾಲು ದೇವದಾಸಿಯರು, ಉತ್ತರ ಕರ್ನಾಟಕದ ಕಡೆಯವರು. ರಾಜ್ಯ ಸರಕಾರದ 1993–94ರ ಸಮೀಕ್ಷೆ 22,873 ದೇವದಾಸಿಯರನ್ನು ಎಣಿಸಿತು. 2007–08ರ ಮರುಸಮೀಕ್ಷೆಯ ಬಳಿಕ ಒಟ್ಟು ಸಂಖ್ಯೆ 46,660. ಪದ್ಧತಿಯನ್ನು ನಿಜವಾಗಿ ಅಲುಗಿಸಿದ್ದು ಆ ಹೆಂಗಸರೇ. 1997ರಲ್ಲಿ ಮಾಜಿ ದೇವದಾಸಿಯರು ಬೆಳಗಾವಿ ಜಿಲ್ಲೆಯಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿ, ಜಾತ್ರೆಗಳಲ್ಲಿ ಕಾವಲು ನಿಂತು ಮುತ್ತು ಕಟ್ಟುವುದನ್ನು ತಡೆದರು. ಆ ಸಂಸ್ಥೆಯನ್ನು ಮುನ್ನಡೆಸಿದ ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಭಾರತದಲ್ಲಿ ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸೊಲೊಮನ್ ತಂಡದಿಂದ. ತಗಲಿದ ಎರಡು ಮೂರು ವಾರಕ್ಕೆ ಸಾದಾ ಜ್ವರದಂತೆ ಬಂದುಹೋಗುವ ಈ ವೈರಸ್ ಆಮೇಲೆ ಎಂಟು ಹತ್ತು ವರ್ಷ ಸುಮ್ಮನಿರುತ್ತದೆ. ಬಳಿಕ ತೂಕ ಇಳಿಯುವುದು, ಬಿಡದ ಭೇದಿ, ಬಾಯಿ ತುಂಬ ಬಿಳಿ ಪದರ, ಕ್ಷಯ. ಗರ್ಮಿ ಮುಚ್ಚಿಟ್ಟ ಕಾಲವನ್ನು ಇದು ಇನ್ನಷ್ಟು ಉದ್ದ ಮಾಡಿತು. ಜನನಾಂಗದಲ್ಲಿ ಹುಣ್ಣಿದ್ದವರಿಗೆ ಎಚ್‌ಐವಿ ಬಹಳ ಸುಲಭವಾಗಿ ತಗಲುತ್ತದೆ. ಹಾಗಾಗಿ ಹಳೆಯ ಗುಪ್ತರೋಗಗಳು ಹೊಸದಕ್ಕೆ ಬಾಗಿಲು ತೆರೆದೇ ಇಟ್ಟಿದ್ದವು. ಬೆಳಗಾವಿ, ಗರ್ಭಿಣಿಯರಲ್ಲಿ ಸೋಂಕು ಶೇಕಡಾ 1ನ್ನು ಮೀರಿದ ಜಿಲ್ಲೆಗಳ ಪಟ್ಟಿ ಸೇರಿತು. ನೆರೆಯ ಬಾಗಲಕೋಟೆಯಲ್ಲಿ 2003ರಲ್ಲಿ ನಡೆದ ಸಮೀಕ್ಷೆ ವಯಸ್ಕರಲ್ಲಿ ಸುಮಾರು ಶೇಕಡಾ 3 ಜನಕ್ಕೆ ಎಚ್‌ಐವಿ ಇದೆಯೆಂದು ತೋರಿಸಿತು. 2005–06ರಲ್ಲಿ ಬೆಳಗಾವಿ ಜಿಲ್ಲೆಯ ಲೈಂಗಿಕ ಕಾರ್ಯಕರ್ತೆಯರನ್ನು ಪರೀಕ್ಷಿಸಿದಾಗ ಮೂವರಲ್ಲಿ ಒಬ್ಬರಿಗೆ ಸೋಂಕಿತ್ತು. ಆಗ ಸಮೀಕ್ಷೆಯಾದ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಇದೇ ಅತಿ ಹೆಚ್ಚು.

ನಗರದ ಕಾಯಿಲೆ ಎಂದು ಭಾವಿಸಿದ್ದು ಹಳ್ಳಿಗಳಲ್ಲಿ ಏಕೆ ಇಷ್ಟು ಎಂಬ ಪ್ರಶ್ನೆಗೆ ಸಂಶೋಧಕರು ಉತ್ತರ ಹುಡುಕಿದರು. ಕರ್ನಾಟಕದ 11 ಜಿಲ್ಲೆಗಳ ಲೈಂಗಿಕ ಕಾರ್ಯಕರ್ತೆಯರ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಅದರಂತೆ ಒಟ್ಟಾರೆ ಕಾಲುಭಾಗದಷ್ಟು ಹೆಂಗಸರು ದೇವದಾಸಿ ಪದ್ಧತಿಯಿಂದ ಬಂದವರು, ಉತ್ತರದ ಜಿಲ್ಲೆಗಳಲ್ಲಿ ಅವರದೇ ಮೇಲುಗೈ. ಅವರು ಇದ್ದದ್ದು ಹಳ್ಳಿಯಲ್ಲಿ, ತಮ್ಮ ಮನೆಯಲ್ಲೇ. ಜಾತ್ರೆ, ಹಂಗಾಮು ನೋಡಿ ಸಾಂಗಲಿ, ಕೊಲ್ಲಾಪುರಕ್ಕೆ ಹೋಗಿಬರುತ್ತಿದ್ದರು. ನಗರಕ್ಕೆಂದು ರೂಪಿಸಿದ ಯೋಜನೆ ಇವರ ಹತ್ತಿರ ಸುಳಿಯಲಿಲ್ಲ.

ಸುಳಿದದ್ದು ಬೇರೆ ಕಡೆಯಿಂದ. ಸಾಂಗಲಿಯಲ್ಲಿ 1992ರಲ್ಲಿ ಮೀನಾ ಶೇಷು ಮತ್ತು ಸಂಗಡಿಗರು ಸಂಗ್ರಾಮ್ ಸಂಸ್ಥೆಯ ಮೂಲಕ ಕಾಂಡೋಮ್ ಹಂಚುವ ಕೆಲಸವನ್ನು ದಂಧೆಯ ಹೆಂಗಸರ ಕೈಗೇ ಕೊಟ್ಟರು. 1996ರಲ್ಲಿ ಆ ಹೆಂಗಸರು ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡರು. ಸದಸ್ಯರಲ್ಲಿ ಅನೇಕರು ಗಡಿಯೀಚೆಯ ಕನ್ನಡದ ಹೆಣ್ಣುಮಕ್ಕಳು. ಸಂಘಟನೆ ನಿಪ್ಪಾಣಿಗೂ ಚಾಚಿತು. ಅಲ್ಲಿ ಅವರು ಪಟ್ಟ ಕಿರುಕುಳವನ್ನು ಹ್ಯೂಮನ್ ರೈಟ್ಸ್ ವಾಚ್ 2002ರ ವರದಿಯಲ್ಲಿ ದಾಖಲಿಸಿದೆ. ಕಾಯಿಲೆ ತಡೆಯುವವರನ್ನೇ ಕಾಯಿಲೆ ಹರಡುವವರೆಂದು ಅಟ್ಟಿದ ಆ ಪ್ರಸಂಗ ಲಾಕ್ ಹಾಸ್ಪಿಟಲ್ ಕಾಲದ ಬುದ್ಧಿಯೇ. 2003ರ ನಂತರ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಗೇಟ್ಸ್ ಪ್ರತಿಷ್ಠಾನದ ಆವಾಹನ್ ಯೋಜನೆಯಡಿ, ಇದೇ ದಾರಿ ಹಿಡಿದು ಕೆಲಸ ಹರಡಿತು. ಬೆಳಗಾವಿ ಸೇರಿ ಐದು ಜಿಲ್ಲೆಗಳಲ್ಲಿ ಎರಡು ಸುತ್ತು ಪರೀಕ್ಷೆ ಮಾಡಿದಾಗ ಲೈಂಗಿಕ ಕಾರ್ಯಕರ್ತೆಯರಲ್ಲಿ ಎಚ್‌ಐವಿ ಶೇಕಡಾ 19.6ರಿಂದ 16.4ಕ್ಕೆ, ಸಕ್ರಿಯ ಸಿಫಿಲಿಸ್ 5.9ರಿಂದ 3.4ಕ್ಕೆ ಇಳಿದಿತ್ತು.

ಇಳಿಕೆಯ ಹಿಂದೆ ಚಿಕಿತ್ಸೆಯ ಒಂದು ಸರಳ ವಿಧಾನವೂ ಇದೆ. ಪ್ರಯೋಗಾಲಯವಿಲ್ಲದ ಹಳ್ಳಿಯಲ್ಲಿ ಫಲಿತಾಂಶಕ್ಕೆ ಕಾಯದೆ, ಲಕ್ಷಣಗಳ ಗುಂಪು ನೋಡಿ, ಅದಕ್ಕೆ ಕಾರಣವಾಗಬಲ್ಲ ಎಲ್ಲ ಸೋಂಕಿಗೂ ಅಂದೇ ಮದ್ದು ಕೊಡುವುದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಇದಕ್ಕಾಗಿ ಏಳು ಬಣ್ಣದ ಪೊಟ್ಟಣಗಳನ್ನು ಮಾಡಿತು. ಮೂತ್ರನಾಳದ ಕೀವಿಗೆ ಬೂದು ಪೊಟ್ಟಣ, ಒಳಗೆ ಅಜಿತ್ರೊಮೈಸಿನ್ 1 ಗ್ರಾಂ ಮತ್ತು ಸೆಫಿಕ್ಸಿಮ್ 400 ಮಿಲಿಗ್ರಾಂ. ಯೋನಿಸ್ರಾವಕ್ಕೆ ಹಸಿರು. ಹುಣ್ಣಿಗೆ ಬಿಳಿ, ಅದರಲ್ಲಿ 24 ಲಕ್ಷ ಯೂನಿಟ್ ಬೆಂಜಾಥಿನ್ ಪೆನಿಸಿಲಿನ್ ಚುಚ್ಚುಮದ್ದು. ಪೆನಿಸಿಲಿನ್ ಒಗ್ಗದವರಿಗೆ ನೀಲಿ. ಗುಂಪುಗುಂಪಾಗಿ ನೀರುಗುಳ್ಳೆ ಎದ್ದು ಉರಿಯುವ ಹರ್ಪಿಸ್‌ಗೆ ಕೆಂಪು, ಕಿಬ್ಬೊಟ್ಟೆ ನೋವಿಗೆ ಹಳದಿ, ತೊಡೆಸಂದಿಯ ಗಡ್ಡೆಗೆ ಕಪ್ಪು. ಓದು ಬಾರದವರಿಗೂ ಬಣ್ಣ ಗುರುತಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದನ್ನು ಕೊಡುವ ಕೋಣೆಗೆ ಸುರಕ್ಷಾ ಕ್ಲಿನಿಕ್ ಎಂಬ ಹೆಸರು. ಗುಪ್ತರೋಗ ಎಂಬ ಬೋರ್ಡಿನ ಕೆಳಗೆ ನಿಲ್ಲಲು ನಾಚುವವರು ಈ ಹೆಸರಿನ ಬಾಗಿಲು ದಾಟುತ್ತಾರೆ.

ಈ ವಿಧಾನದ ಕೊರತೆ ಹಳೆಯದೇ. ಲಕ್ಷಣವೇ ಇಲ್ಲದವರು ಕ್ಲಿನಿಕ್ಕಿಗೆ ಬರುವುದಿಲ್ಲ. ಅದಕ್ಕೆಂದೇ ಗರ್ಭಿಣಿಯರೆಲ್ಲರಿಗೂ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ, ಲೈಂಗಿಕ ಕಾರ್ಯಕರ್ತೆಯರಿಗೆ ಲಕ್ಷಣವಿಲ್ಲದಿದ್ದರೂ ನಿಯತವಾಗಿ ತಪಾಸಣೆ. ಸಂಗಾತಿಗೂ ಅದೇ ಪೊಟ್ಟಣ ಸಲ್ಲಬೇಕು, ಚಿಕಿತ್ಸೆ ಮುಗಿಯುವವರೆಗೆ ಸಂಗ ಕೂಡದು. ಗಂಡ ಕಬ್ಬಿನ ಹಂಗಾಮಿಗೆ ಹೋಗಿದ್ದರೆ ಹೆಂಡತಿಯೊಬ್ಬಳೇ ಗುಣವಾಗಿ, ಅವನು ಮರಳಿದ ವಾರವೇ ಮತ್ತೆ ಸೋಂಕು ತಗಲಿಸಿಕೊಳ್ಳುತ್ತಾಳೆ. ಗಂಡಸರನ್ನು ಕ್ಲಿನಿಕ್ಕಿಗೆ ಕರೆತರುವುದು ಇಂದಿಗೂ ಆರೋಗ್ಯ ಕಾರ್ಯಕರ್ತೆಯರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಸಿಫಿಲಿಸ್ ಆದವರು ಹುಣ್ಣು ಮಾಯ್ದ ಮೇಲೂ ಮೂರು, ಆರು, ಹನ್ನೆರಡನೆಯ ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು. ಔಷಧದ ಅಂಗಡಿಯಲ್ಲಿ ಕೇಳಿ ಪಡೆದ ಅರೆಬರೆ ಗುಳಿಗೆಗಳಿಂದ ಗೊನೊರಿಯಾದ ಬ್ಯಾಕ್ಟೀರಿಯ ಪೆನಿಸಿಲಿನ್, ಸಿಪ್ರೊಫ್ಲಾಕ್ಸಸಿನ್‌ಗಳಿಗೆ ಆಗಲೇ ಬಗ್ಗದಾಗಿದೆ. ಸೆಫಿಕ್ಸಿಮ್‌ಗೂ ಅದೇ ಗತಿ ಬರುವ ಲಕ್ಷಣಗಳು ಜಗತ್ತಿನ ಹಲವು ಕಡೆ ಕಂಡಿವೆ.

ಎಚ್‌ಐವಿಗೆ 2004ರ ಏಪ್ರಿಲ್‌ನಿಂದ ಸರಕಾರ ಉಚಿತ ಔಷಧ ಕೊಡುತ್ತಿದೆ. ದಿನವೂ ತಪ್ಪದೆ ಗುಳಿಗೆ ನುಂಗಿ, ರಕ್ತದಲ್ಲಿ ವೈರಸ್ ಎಣಿಕೆಗೆ ಸಿಗದಷ್ಟು ಇಳಿದರೆ ಸಂಗಾತಿಗೆ ಸೋಂಕು ದಾಟುವುದಿಲ್ಲ. ತಾಯಿಯ ಸೋಂಕು ಮಗುವಿಗೆ ಹೋಗದಂತೆಯೂ ತಡೆಯಬಹುದು. 2017ರ ಕಾಯಿದೆ ಸೋಂಕಿತರ ಹೆಸರು ಬಯಲು ಮಾಡುವುದನ್ನೂ, ಕೆಲಸ, ಶಾಲೆ, ಆಸ್ಪತ್ರೆಗಳಲ್ಲಿ ತಾರತಮ್ಯ ಮಾಡುವುದನ್ನೂ ನಿಷೇಧಿಸಿದೆ. ಹೆಪಟೈಟಿಸ್ ಬಿ ಲಸಿಕೆ ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಸಿಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿಗೆ 2022ರಲ್ಲಿ ದೇಶದಲ್ಲೇ ತಯಾರಾದ ಲಸಿಕೆಗೆ ಅನುಮತಿ ಸಿಕ್ಕಿತು. ಅದನ್ನು ಕೊಡಬೇಕಾದದ್ದು 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ, ಸೋಂಕು ತಗಲುವ ಮುಂಚೆಯೇ.